ಮೂರು ಲಕ್ಷದಲ್ಲಿ ಆ್ಯಪ್ ಮಾಡಿಸಬೇಕೆ?

ತಾಯಿ-ಮಗುವಿನ ಆರೋಗ್ಯಕ್ಕಾಗಿ ದುಡಿಯುವ, 9 ಕಾರ್ಯಕರ್ತೆಯರಿರುವ ನಿಮ್ಮ ಸಂಸ್ಥೆಗೆ ದಾನಿಗಳು ತಂತ್ರಜ್ಞಾನಕ್ಕೆಂದೇ 3 ಲಕ್ಷ ರೂಪಾಯಿ ಕೊಟ್ಟಿದ್ದಾರೆ, ಅದರಲ್ಲಿ ಸ್ವಂತ ಆ್ಯಪ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಬೇಡ ಎನ್ನುವುದು ನನ್ನ ಉತ್ತರ. ಕೊಪ್ಪಳ ಜಿಲ್ಲೆಯಲ್ಲಿ ಇಂಥದೇ ಕೆಲಸ ಮಾಡುತ್ತಿರುವ ನಾನು ಆ್ಯಪ್ ಮಾಡಿಸಿ ಕೈಸುಟ್ಟುಕೊಂಡವನು.

ನಮ್ಮ ಆ್ಯಪ್‌ನಲ್ಲಿ ಪ್ರತಿ ಮನೆಭೇಟಿಗೆ 42 ಪ್ರಶ್ನೆಗಳಿದ್ದವು. ಒಂದು ಸಂಜೆ ಕಾರ್ಯಕರ್ತೆಯೊಬ್ಬರ ಮನೆಗೆ ಹೋದಾಗ, ಅವರು ಒಲೆಯ ಮೇಲೆ ಅನ್ನಕ್ಕಿಟ್ಟು, ಹಗಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನೆಲ್ಲ ಫೋನಿಗೆ ಒಂದೊಂದಾಗಿ ತುಂಬುತ್ತಿದ್ದರು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಅರ್ಧ ತುಂಬಿದ ಫಾರಂ ಅಳಿಸಿಹೋಗುತ್ತಿದ್ದುದರಿಂದ ಅವರೇ ಕಂಡುಕೊಂಡ ದಾರಿ ಅದು. ನಾವು ಅವರ ಕೆಲಸವನ್ನು ಇಮ್ಮಡಿ ಮಾಡಿ, ವಾರ್ಷಿಕ ವರದಿಯಲ್ಲಿ ಅದನ್ನು ಡಿಜಿಟಲೀಕರಣವೆಂದು ಬರೆದುಕೊಂಡಿದ್ದೆವು. ಆಮೇಲೆ, ಫಾರಂ ತುಂಬಿಸಿ ಮಾಹಿತಿ ಸಂಗ್ರಹಿಸುವ ಸಿದ್ಧ ಸಾಧನವಾದ ಕೋಬೋ ಟೂಲ್‌ಬಾಕ್ಸ್‌ಗೆ ಬದಲಾಯಿಸಿದೆವು. ಕನ್ನಡದಲ್ಲೇ ಪ್ರಶ್ನೆ ಹಾಕಬಹುದಾದ, ನೆಟ್‌ವರ್ಕ್ ಇಲ್ಲದಲ್ಲಿ ತುಂಬಿಟ್ಟು ಸಿಕ್ಕಲ್ಲಿ ಕಳಿಸಬಹುದಾದ ಈ ಸಾಧನವನ್ನು ಸೇವಾಸಂಸ್ಥೆಗಳು ಒಂದು ಮಿತಿಯವರೆಗೆ ಉಚಿತವಾಗಿ ಬಳಸಬಹುದು. ಪ್ರಶ್ನೆಗಳನ್ನು 13ಕ್ಕೆ ಇಳಿಸಿದೆವು. ಯಾವ ಉತ್ತರವನ್ನು ಓದಿ ನಮ್ಮಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲವೋ ಆ ಪ್ರಶ್ನೆಯನ್ನು ತೆಗೆದೆವು.

ತಾಯಂದಿರಿಗೆ ಮಾಹಿತಿ ಮುಟ್ಟಿಸಲು ಅಕ್ಷರಕ್ಕಿಂತ ಧ್ವನಿ ಮೇಲು. ಮುಂಬೈಯ ಅರ್ಮಾನ್ ಸಂಸ್ಥೆಯ ಎಂಮಿತ್ರ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಆಯಾ ಹಂತಕ್ಕೆ ತಕ್ಕ ಧ್ವನಿಸಂದೇಶವನ್ನು, ಅವರು ಆರಿಸಿಕೊಂಡ ಹೊತ್ತಿಗೇ ಕರೆ ಮಾಡಿ ಕೇಳಿಸಲಾಗುತ್ತದೆ. ಹೊತ್ತಿನ ವಿಷಯ ಸಣ್ಣದೆಂದುಕೊಳ್ಳಬೇಡಿ. ಬೆಳಿಗ್ಗೆ 11ಕ್ಕೆ ನಾವು ಮಾಡಿಸಿದ ಕರೆಗಳೆಲ್ಲ ಹೊಲದಲ್ಲಿದ್ದ ಗಂಡಂದಿರ ಜೇಬಿನಲ್ಲಿ ರಿಂಗಾಗುತ್ತಿದ್ದವು. ರಾತ್ರಿ 8ಕ್ಕೆ ಬದಲಾಯಿಸಿದ ಮೇಲಷ್ಟೇ ಹೆಣ್ಣುಮಕ್ಕಳ ಕಿವಿಗೆ ಬಿದ್ದವು. ಭಾಷೆಯದೂ ಅದೇ ಕಥೆ. ನಾನು ಕಚೇರಿಯಲ್ಲಿ ಕುಳಿತು ‘ಕಬ್ಬಿಣಾಂಶದ ಮಾತ್ರೆ’ ಎಂದು ಓದಿ ರೆಕಾರ್ಡ್ ಮಾಡಿದ್ದು ಯಾರಿಗೂ ತಟ್ಟಲಿಲ್ಲ. ಕುಷ್ಟಗಿ ಕಡೆಯ ನರ್ಸ್ ಒಬ್ಬರು ‘ರಕ್ತದ ಗುಳಿಗಿ ತಪ್ಪದಂಗ ತಗೋರಿ’ ಎಂದು ಹೇಳಿದ ಮೇಲೆ, ಗುಳಿಗೆ ತಿಂದರೆ ವಾಕರಿಕೆ ಬರುತ್ತದಲ್ಲ ಎಂದು ಮರಳಿ ಕೇಳುವವರೂ ಹುಟ್ಟಿಕೊಂಡರು.

ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಕೇಳಿದ್ದೀರಿ. ಎಂಮಿತ್ರದಲ್ಲಿ ಕೆಲವರು ಕೆಲಕಾಲದ ನಂತರ ಸಂದೇಶ ಕೇಳುವುದನ್ನೇ ಬಿಡುತ್ತಿದ್ದರು. ಅಂಥವರನ್ನು ಸಿಬ್ಬಂದಿಯೇ ಮಾತನಾಡಿಸಿದರೆ ಪ್ರಯೋಜನವುಂಟು, ಆದರೆ ಎಲ್ಲರನ್ನೂ ಮಾತನಾಡಿಸುವಷ್ಟು ಸಿಬ್ಬಂದಿ ಇರುವುದಿಲ್ಲ. ಗೂಗಲ್‌ನ ಸಂಶೋಧಕರೊಡನೆ ಸುಮಾರು 23,000 ತಾಯಂದಿರ ನಡುವೆ ನಡೆಸಿದ ಪ್ರಯೋಗದಲ್ಲಿ, ಆ ವಾರ ಯಾರನ್ನು ಮಾತನಾಡಿಸಬೇಕೆಂಬ ಪಟ್ಟಿಯನ್ನು ಕಂಪ್ಯೂಟರ್ ಮಾಡಿಕೊಟ್ಟಾಗ, ಹೀಗೆ ಬಿಟ್ಟುಹೋಗುವುದು ಸುಮಾರು ಶೇ 30ರಷ್ಟು ತಗ್ಗಿತು. ಮಾತನಾಡಿಸಿದ್ದು ಮಾತ್ರ ಮನುಷ್ಯರೇ. ನಿಮ್ಮಲ್ಲಿರುವ ಕೆಲವು ನೂರು ತಾಯಂದಿರಲ್ಲಿ ಯಾರನ್ನು ಮಾತನಾಡಿಸಬೇಕೆಂಬ ಪಟ್ಟಿಯನ್ನು, ಕಂಪ್ಯೂಟರ್ ಇಲ್ಲದೆ, ಕಾರ್ಯಕರ್ತೆಯರೇ ಬಾಯಲ್ಲಿ ಹೇಳಬಲ್ಲರು.

ವಿಡಿಯೋ ಮಾಡುವ ಆಸೆಯಿದ್ದರೆ, ರೈತರಿಗೆ ವಿಡಿಯೋ ತೋರಿಸಿ ಕೃಷಿ ವಿಧಾನ ಕಲಿಸುವ ಡಿಜಿಟಲ್ ಗ್ರೀನ್‌ನ ಅನುಭವವನ್ನು ನೋಡಿ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ಆರಂಭಿಸಿದ ಈ ಕೆಲಸದ 13 ತಿಂಗಳ, 16 ಹಳ್ಳಿಗಳ ಪ್ರಯೋಗದಲ್ಲಿ, ಕೆಲವು ಹೊಸ ಕೃಷಿ ವಿಧಾನಗಳನ್ನು ಅಳವಡಿಸಿಕೊಂಡವರು ಹಳೆಯ ತರಬೇತಿ ಪದ್ಧತಿಗಿಂತ ಏಳು ಪಟ್ಟು ಹೆಚ್ಚು ಕಂಡುಬಂದರು. ಪರದೆಯ ಮೇಲೆ ತಮ್ಮಂಥದೇ ರೈತರಿದ್ದುದು ಒಂದು ಕಾರಣವಾದರೆ, ಊರಿನವರೇ ಒಬ್ಬರು ವಿಡಿಯೋವನ್ನು ನಡುನಡುವೆ ನಿಲ್ಲಿಸಿ ‘ಇದನ್ನು ನೀವು ಮಾಡಿ ನೋಡಿದ್ದೀರಾ’ ಎಂದು ಕೇಳುತ್ತಿದ್ದುದು ಇನ್ನೊಂದು. ಯೂಟ್ಯೂಬಿಗೆ ಹಾಕಿ ವೀಕ್ಷಣೆಗಳನ್ನು ಎಣಿಸುತ್ತ ಕುಳಿತರೆ ಈ ಎರಡನೆಯದು ಸಿಗುವುದಿಲ್ಲ.

ರಕ್ತಹೀನತೆ ಇರುವವರ ಹೆಸರು, ಫೋನ್ ನಂಬರುಗಳ ಎಕ್ಸೆಲ್ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದು ಹಾಗಿರಲಿ, ಆ ಗುಂಪಿನಲ್ಲಿ ಅವರ ಅತ್ತೆಯ ಮನೆಯವರೂ ಇರಬಹುದು.

ಇನ್ನು ಹಣ. ಹೆಚ್ಚಿನ ಪಾಲನ್ನು, ಬಂದ ಮಾಹಿತಿಯನ್ನು ವಾರಕ್ಕೊಮ್ಮೆ ಓದಿ ಕಾರ್ಯಕರ್ತೆಯರಿಗೆ ತಿರುಗಿ ಹೇಳುವ ಒಬ್ಬರ ಸಂಬಳಕ್ಕೆ ಇಡಿ. ಉಳಿದದ್ದರಲ್ಲಿ ಧ್ವನಿ ಕರೆಗಳ ಖರ್ಚು, ಪವರ್ ಬ್ಯಾಂಕ್‌ಗಳು, ಮತ್ತು ಮರೆಯದೆ ಕಾರ್ಯಕರ್ತೆಯರ ಫೋನಿನ ರೀಚಾರ್ಜ್. ನಮ್ಮವರು ಅದನ್ನು ಸ್ವಂತ ಹಣದಿಂದ ಹಾಕಿಸಿಕೊಳ್ಳುತ್ತಿದ್ದರೆಂದು ನನಗೆ ತಿಳಿದದ್ದು ಎರಡನೆಯ ವರ್ಷ, ಅದೂ ಒಬ್ಬರಿಂದ ಮೂರು ದಿನ ವರದಿಯೇ ಬಾರದಿದ್ದಾಗ.