ಗುಟ್ಟು ಬಿಡಿ, ಬರೆದವನನ್ನ ಹಿಡೀರಿ

ನಮಸ್ಕಾರ. ನಿಮ್ಮ ಕತೆ ಪೂರ್ತಿ ಓದಿದೆ, ಈ ಸಂಚಿಕೆಗೆ ಹಾಕ್ಲಿಕ್ಕೆ ಆಗುವುದಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೇನೆ. ಆದ್ರೆ ಸುಮ್ನೆ ವಾಪಸ್ ಕಳಿಸ್ಲಿಕ್ಕೆ ಮನಸ್ಸಿಲ್ಲ. ಕಾರವಾರ ಬಸ್ ಸ್ಟ್ಯಾಂಡ್ ಗೋಡೆ, ಟಾಗೋರ್ ಬೀಚಿನ ಬೆಂಚು, ಕೋಡಿಬಾಗದ ಕರೆಂಟ್ ಕಂಬ ಹೀಗೆ ಎಲ್ಲಾ ಕಡೆ ಯಾರೋ ರಾತ್ರೋರಾತ್ರಿ ಹೆಸರಿಲ್ಲದ ಚೀಟಿ ಅಂಟಿಸಿ ಹೋಗೋದು, ಕೈಗಾ ಅಣುಸ್ಥಾವರ, ಕುಸಿದ ಕಾಳಿ ನದಿ ಸೇತುವೆ, ಜರಿದ ಶಿರೂರು ಗುಡ್ಡ ಎಲ್ಲಾ ಒಂದೇ ಸಂಚು ಅಂತ ಬರೆಯೋದು, ಈ ಕಲ್ಪನೆ ಗಟ್ಟಿ ಉಂಟು, ಶುರುವಿನ ಪುಟಗಳು ನನ್ನನ್ನ ಎಳ್ಕೊಂಡೇ ಹೋದವು. ಆಮೇಲೆ ರಿಪೋರ್ಟರ್ ಬರ್ತಾನೆ, ರಿಟೈರ್ಡ್ ಎಂಜಿನಿಯರ್ ಸಿಗ್ತಾನೆ, ಚೀಟಿಯಲ್ಲಿ ಬರೆದದ್ದೆಲ್ಲ ನಿಜ ಅಂತ ಒಂದು ಫೈಲೂ ಸಿಗ್ತದೆ, ಕತೆ ಅಲ್ಲಿಗೆ ಮುಗೀತು.

ಇಂಥದ್ದೇ ಒಂದು ನಿಜವಾಗಿ ನಡೆದದ್ದುಂಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1980ರ ದಶಕದಿಂದ ರಸ್ತೆಯ ಡಾಂಬರಿನೊಳಗೇ ಹೂತ ಟೈಲ್‌ಗಳು ಕಾಣಿಸ್ಲಿಕ್ಕೆ ಶುರುವಾದವು, ಟಾಯ್ನ್‌ಬೀ ಟೈಲ್ಸ್ ಅಂತಾರೆ, ಬೇರೆ ಊರುಗಳಿಗೂ ದಕ್ಷಿಣ ಅಮೆರಿಕಕ್ಕೂ ಹಬ್ಬಿ ನೂರಾರು ಆದವು. ಸತ್ತವರನ್ನ ಗುರುಗ್ರಹದಲ್ಲಿ ಮತ್ತೆ ಬದುಕಿಸಿ ಅನ್ನೋದು ಅದರ ಒಕ್ಕಣೆ, ಕೆಲವದರಲ್ಲಿ ಪತ್ರಿಕೆಯವರು ತನ್ನ ಮೇಲೆ ಸಂಚು ಮಾಡಿದ್ದಾರೆ ಅಂತ ಉದ್ದುದ್ದ ದೂರು. ನೆಲಕ್ಕೆ ಹಾಸೋ ಲಿನೋಲಿಯಂ ಹಾಳೆಯಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ, ಡಾಂಬರಿನ ಅಂಟು ಹಾಕಿ, ಮೇಲೆ ಡಾಂಬರು ಮೆತ್ತಿದ ಟಾರ್ ಪೇಪರ್ ಮುಚ್ಚಿ ರಸ್ತೆ ಮೇಲೆ ಇಟ್ಟು ಹೋಗೋದು. ಬಿಸಿಲಿಗೆ, ಗಾಡಿಗಳ ಭಾರಕ್ಕೆ ಅದು ರಸ್ತೆಗೇ ಕಚ್ಚಿಕೊಳ್ತದೆ, ಪೇಪರ್ ಸವೆದ ಮೇಲಷ್ಟೇ ಅಕ್ಷರ ಕಾಣ್ತದೆ, ಅಷ್ಟೊತ್ತಿಗೆ ಇಟ್ಟವನು ಎಲ್ಲೋ. ಗುರುಗ್ರಹದ ಮಾತು ಯಾರು ನಂಬ್ತಾರೆ? ಆದ್ರೂ ಜನ ವರ್ಷಗಟ್ಟಲೆ ಅವನನ್ನ ಹುಡುಕಿದ್ರು, ಅಷ್ಟು ಅಕ್ಷರ ಕೂತು ಕತ್ತರಿಸಿದವನು ಎಂಥವನಿರಬೇಕು ಅಂತ.

ನಿಮ್ಮ ಕತೆಯಲ್ಲಿ ಈ ಕೂತು ಮಾಡೋ ಕೆಲಸವೇ ಇಲ್ಲ. ಜುಲೈ ತಿಂಗಳ ಕಾರವಾರದಲ್ಲಿ ಕಾಗದದ ಚೀಟಿ ಕಂಬದ ಮೇಲೆ ವಾರಗಟ್ಟಲೆ ಉಳೀತದೆ ಅಂತ ಬರ್ದಿದ್ದೀರಿ, ನೀವು ಅಲ್ಲಿಯವರೇ, ಆ ಮಳೆಗೆ ಮೈದಾ ಅಂಟು ಬೆಳಗಿನವರೆಗಾದ್ರೂ ನಿಲ್ತದಾ? ಹಾಗಾದ್ರೆ ನಿಮ್ಮ ಚೀಟಿಯವನು ಏನು ಮಾಡ್ತಾನೆ, ಪ್ಲಾಸ್ಟಿಕ್ ಕವರಿಗೆ ಹಾಕಿ ಸುತ್ತ ಸೆಲ್ಲೋಟೇಪ್ ಸುತ್ತುತ್ತಾನಾ, ದೋಣಿಗೆ ಬಳಿದು ಉಳಿದ ಪೇಂಟ್ ತರ್ತಾನಾ, ಒದ್ದೆ ಗೋಡೆಯಲ್ಲಿ ಪೇಂಟ್ ಇಳಿದು ಒಂದು ಸಾಲು ಹಾಳಾದ್ರೆ ಮರುದಿನ ಮತ್ತೆ ಬರ್ತಾನಾ? ಇದನ್ನ ಬರೀರಿ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಅವನು ಹೆಸರು ಯಾಕೆ ಹಾಕುವುದಿಲ್ಲ? ಕೈಗಾ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಜನ ಹೆಸರು ಹೇಳಿಯೇ ಜಗಳ ಮಾಡಿದ್ದಾರೆ. ಶಿವರಾಮ ಕಾರಂತರು 1989ರಲ್ಲಿ ಪರಿಸರದ ವಿಷಯ ಇಟ್ಕೊಂಡು ಇಲ್ಲಿಂದಲೇ ಲೋಕಸಭೆಗೆ ನಿಂತಿದ್ರು. 1994ರಲ್ಲಿ ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದದ್ದೂ ಎಲ್ಲರಿಗೂ ಗೊತ್ತಿರೋದೇ. ಬಾಯಿಬಿಟ್ಟು ಹೇಳಬಹುದಾದ್ದನ್ನ ಇವನು ಕತ್ತಲಲ್ಲಿ ಹೇಳ್ತಾನೆ ಅಂದ್ರೆ ಬೇರೇನೋ ಇರಬೇಕು. ಸೀಬರ್ಡ್ ನೌಕಾನೆಲೆಗೆ ಜಾಗ ಹೋದಮೇಲೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದ ಮನೆಗಳು ನಿಮ್ಮ ಸುತ್ತಲೇ ಇದ್ದಾವೆ, ಅಂಥ ಮನೆಯವನಾದ್ರೆ? ಈಗ ನಿಮ್ಮ ಚೀಟಿಗಳು ಪೇಪರ್ ಸಂಪಾದಕೀಯದ ಹಾಗೆ ಉಂಟು, ಒಂದು ಕೊಂಕಣಿ ಮಾತೂ ನುಸುಳಿಲ್ಲ. ಅವನು ಹೀಗೆ ಬರೆಯಬಹುದು: ‘ಕಾಳಿ ನೀರು ಕುಡೀಬೇಡಿ. ಸೇತುವೆ ಬಿತ್ತು ನೋಡಿದ್ರಲ್ಲ. ಸಾಹೇಬರಿಗೆ ಗೊತ್ತುಂಟು. ನನ್ನ ಅರ್ಜಿ ಎಲ್ಲಿ.’ ಕೊನೆಯ ಸಾಲು ಬಂದ್ರೆ ಸಾಕು, ಎಂಜಿನಿಯರೂ ಬೇಡ ಫೈಲೂ ಬೇಡ.

ಶಿರೂರು ಭಾಗ ಮಾತ್ರ ದಯವಿಟ್ಟು ತೆಗೀರಿ. 2024ರ ಜುಲೈ 16ಕ್ಕೆ ಗುಡ್ಡ ಜರಿದು ಜನ ಸತ್ತರು, ಗಂಗಾವಳಿ ನದಿಗೆ ಬಿದ್ದ ಲಾರಿ ಮೇಲೆತ್ತುವಾಗ ಸೆಪ್ಟೆಂಬರ್ ಕೊನೆ, ಅಲ್ಲಿಯವರೆಗೆ ಡ್ರೈವರನ ಮನೆಯವರು ಕಾದದ್ದನ್ನ ನಾವೆಲ್ಲ ನೋಡಿದ್ದೇವೆ. ಯಾರೋ ಬೇಕಂತಲೇ ಸ್ಫೋಟಿಸಿದ್ರು ಅಂತ ನಿಮ್ಮ ಕತೆಯೇ ತೀರ್ಪು ಕೊಟ್ರೆ ಅಂಕೋಲೆಯಲ್ಲಿ ಅದನ್ನ ಓದೋ ಒಬ್ಬ ತಾಯಿಗೆ ಹೇಗಾಗಬಹುದು ಯೋಚ್ನೆ ಮಾಡಿ. ಪಾತ್ರ ಏನು ಬೇಕಾದ್ರೂ ನಂಬ್ಲಿ, ನೀವು ಅದಕ್ಕೆ ಸಾಕ್ಷಿ ಒದಗಿಸ್ಬೇಡಿ.

ರಿಪೋರ್ಟರನ್ನ ಪೂರ್ತಿ ಬಿಟ್ಟು, ಬೆಳಿಗ್ಗೆ ಬಸ್ ಸ್ಟ್ಯಾಂಡ್ ಗುಡಿಸೋ ಆ ಹೆಂಗಸನ್ನ ಮುಂದೆ ತನ್ನಿ, ಚೀಟಿಗಳನ್ನ ಮೊದಲು ನೋಡೋದು ಅವಳೇ ಅಂತ ನೀವೇ ಬರ್ದಿದ್ದೀರಿ, ಕೆರೆದು ತೆಗೀಬೇಕಾದವಳೂ ಅವಳೇ. ಅವಳು ಒಂದನ್ನ ಯಾಕೆ ಕೆರೆಯದೆ ಬಿಡ್ತಾಳೆ ಅಂತ ಹೊಳೆದ್ರೆ ಕತೆ ತಿದ್ದಿ ಕಳಿಸಿ, ನಾನೇ ಓದ್ತೇನೆ.