ಬಾಟಲಿ ಮುಚ್ಚಳದ ಬಿರುಕು ಹಿಡಿಯೋ ಕ್ಯಾಮೆರಾ ಸಿಸ್ಟಮ್‌ಗೆ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸಾಕಾ, ದುಬಾರಿ ಪ್ರೊಫೆಷನಲ್ ಕಾರ್ಡೇ ಬೇಕಾ?

ಮೊದಲು ಬೆಳಕು, ಕ್ಯಾಮೆರಾ ಕಡೆ ದುಡ್ಡು ಹಾಕಿ. ಕಾರ್ಡ್ ಆಮೇಲೆ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದು ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕು ಹಿಡಿಯೋ ಸಮಯ) 1 ಮಿಲಿಸೆಕೆಂಡ್ ಇದ್ದರೆ, ಚಿತ್ರ 1 ಮಿ.ಮೀ.ನಷ್ಟು ಕದಡುತ್ತದೆ. ಕೂದಲೆಳೆಯಂಥ ಬಿರುಕು ಅಲ್ಲೇ ಮಾಯ! ಯಾವ ಕಾರ್ಡೂ ಅದನ್ನು ವಾಪಸ್ ತರಲ್ಲ. ಎಕ್ಸ್‌ಪೋಷರ್ 0.1 ಮಿಲಿಸೆಕೆಂಡಿಗೆ ಇಳಿಸಿ, ಅದಕ್ಕೆ ತಕ್ಕ ಜೋರಾದ ಎಲ್‌ಇಡಿ ಸ್ಟ್ರೋಬ್ (ಫ್ಲ್ಯಾಶ್‌ನಂತೆ ಮಿಂಚುವ ದೀಪ) ಹಾಕಿ. ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯೋ ಗ್ಲೋಬಲ್ ಶಟರ್ ಇರುವ ಕ್ಯಾಮೆರಾನೇ ತಗೊಳ್ಳಿ.

ಇನ್ನು ಕಾರ್ಡ್. ಎನ್‌ವಿಡಿಯಾದ ಪ್ರೊಫೆಷನಲ್ ಕಾರ್ಡ್ ಆರ್‌ಟಿಎಕ್ಸ್ ಎ4000 ಮತ್ತು ಗೇಮಿಂಗ್‌ಗೆ ಬರುವ ಆರ್‌ಟಿಎಕ್ಸ್ 3070, ಎರಡರಲ್ಲೂ ಇರುವುದು ಜಿಎ104 ಚಿಪ್ಪೇ. ಆದರೆ 3070ಕ್ಕೆ 8 ಜಿಬಿ ಮೆಮೊರಿ, 220 ವ್ಯಾಟ್. ಎ4000ಕ್ಕೆ 16 ಜಿಬಿ, ಬರೀ 140 ವ್ಯಾಟ್, ದಪ್ಪವೂ ಒಂದೇ ಸ್ಲಾಟ್. ಮೆಮೊರಿಯಲ್ಲಿ ಒಂದು ಬಿಟ್ ತಪ್ಪಾದರೆ ತಾನೇ ಸರಿಪಡಿಸುವ ಇಸಿಸಿ ಕೂಡ ಇದೆ. ಗಾಳಿ ಸರಿಯಾಗಿ ಆಡದ ಇಕ್ಕಟ್ಟಾದ ಪ್ಯಾನೆಲ್ ಒಳಗೆ ಹಗಲೂ ರಾತ್ರಿ ಓಡಬೇಕು ಅಂದ್ರೆ ಈ 80 ವ್ಯಾಟ್ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಲೈನ್ ಮೇಲೆ ಪ್ರೊಫೆಷನಲ್ ಕಾರ್ಡೇ ಇರಲಿ. ಆಫೀಸಿನಲ್ಲಿ ಬಿರುಕು ಗುರುತಿಸೋ ಎಐ ಮಾಡೆಲ್‌ಗೆ ತರಬೇತಿ ಕೊಡೋಕೆ ಗೇಮಿಂಗ್ ಕಾರ್ಡ್ ಧಾರಾಳ ಸಾಕು.

ಮುಚ್ಚಳ ಇದೆಯೋ ಇಲ್ಲವೋ ಅಂತ ಮಾತ್ರ ನೋಡೋದಾದ್ರೆ ಕಾರ್ಡೇ ಬೇಡ, ಮಾಮೂಲಿ ಪ್ರೊಸೆಸರ್ ಸಾಕು.