ನಾನು ನಾನೇ ಎಂದು ಹೇಳಬೇಕಾದವರು ಯಾರು?

ಈ ಸಂಚಿಕೆಯ ಪ್ರಶ್ನೋತ್ತರ: ಗುರುತಿನ ಕಳವು, ಮರೆವು, ಸಸ್ಪೆನ್ಸ್ ಚಿತ್ರಗಳು. ಮೊದಲ ಪ್ರಶ್ನೋತ್ತರದಲ್ಲಿ ಒಂದು ಚಿತ್ರದ ಗುಟ್ಟು ರಟ್ಟಾಗಿದೆ. ನೋಡಿಲ್ಲದವರು ಅದನ್ನು ದಾಟಿಕೊಂಡು ಓದಬಹುದು.

ಪ್ರಶ್ನೆ: ಲಿಯಾಮ್ ನೀಸನ್ ನಟಿಸಿದ ‘ಅನ್‌ನೋನ್’ (2011) ಚಿತ್ರದಲ್ಲಿ ಅಪಘಾತವಾಗಿ ನಾಲ್ಕು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದ ನಾಯಕನಿಗೆ ಹೆಸರು, ಹೆಂಡತಿ, ಉದ್ಯೋಗ ಎಲ್ಲ ನೆನಪಿರುತ್ತದೆ. ಅದೆಲ್ಲ ತಾನು ಹಾಕಿಕೊಂಡ ವೇಷ ಎನ್ನುವುದು ಮಾತ್ರ ಮರೆತಿರುತ್ತದೆ. ಪೆಟ್ಟು ಬಿದ್ದರೆ ಮರೆವು ಇಷ್ಟು ಲೆಕ್ಕ ಹಾಕಿ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಹಾಗೆಂದು ಚಿತ್ರ ಹಿಡಿದ ಎಳೆ ಪೂರ್ತಿ ಬೊಗಳೆಯೂ ಅಲ್ಲ.

ತಲೆಗೆ ಜೋರಾಗಿ ಪೆಟ್ಟು ಬಿದ್ದವರಲ್ಲಿ ಸಾಮಾನ್ಯವಾಗಿ ಅಳಿಸಿಹೋಗುವುದು ಅಪಘಾತಕ್ಕೆ ಮುಂಚಿನ ಸ್ವಲ್ಪ ಕಾಲ, ಜೊತೆಗೆ ಎಚ್ಚರವಾದ ಮೇಲಿನ ಗೊಂದಲದ ಗಂಟೆಗಳು ಅಥವಾ ದಿನಗಳು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಗಟ್ಟಿಯಾಗಿ ಕೂತಿರುತ್ತದೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ಇದನ್ನು 1881ರಲ್ಲೇ ಬರೆದಿಟ್ಟಿದ್ದಾರೆ. ಉಳಿದದ್ದೆಲ್ಲ ನೆಟ್ಟಗಿದ್ದು ತಾನು ಯಾರೆಂಬುದು ಮಾತ್ರ ಮರೆಯುವುದು ಪೆಟ್ಟಿನ ಲಕ್ಷಣಕ್ಕಿಂತ ಮನಸ್ಸಿನ ಆಘಾತದ ಲಕ್ಷಣ. 1887ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಧರ್ಮಬೋಧಕ ಆನ್ಸೆಲ್ ಬೌರ್ನ್ ಕಾಣೆಯಾದರು. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಲ್ಲಿ ಪುಟ್ಟ ಅಂಗಡಿ ತೆರೆದು ವ್ಯಾಪಾರ ಮಾಡಿಕೊಂಡಿದ್ದರು. ಸುಮಾರು ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದ್ದವರೇ ‘ನಾನೆಲ್ಲಿದ್ದೇನೆ’ ಎಂದು ಗಾಬರಿಯಾದರು. ಅಂಗಡಿಯ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ. 1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಈ ಬೌರ್ನ್ ಅವರನ್ನು ಸಮ್ಮೋಹನಕ್ಕೆ ಒಳಪಡಿಸಿದಾಗ ಅವರೊಳಗಿನ ಬ್ರೌನ್ ಮತ್ತೆ ಬಾಯಿಬಿಟ್ಟ.

ಆದರೆ ಆ ಚಿತ್ರದ ನಾಯಕನ ಕಷ್ಟ ಬೇರೆ. ಅವನು ವಿಷಯವನ್ನು ಮರೆತಿಲ್ಲ, ಅದು ಎಲ್ಲಿಂದ ಬಂತೆಂಬುದನ್ನು ಮರೆತಿದ್ದಾನೆ. ಇದು ನಮಗೆಲ್ಲ ದಿನವೂ ಆಗುತ್ತದೆ. ಯಾರೋ ಹೇಳಿದ್ದನ್ನು ನಾವೇ ಕಂಡಂತೆ ವರ್ಣಿಸುತ್ತೇವೆ, ನಿನ್ನೆ ಓದಿದ್ದನ್ನು ನಮ್ಮದೇ ಯೋಚನೆ ಅಂದುಕೊಳ್ಳುತ್ತೇವೆ. ಬಾಯಿಪಾಠ ಮಾಡಿದ ಸುಳ್ಳು ಬದುಕು ನಿಜ ಬದುಕಿಗಿಂತ ಅಚ್ಚುಕಟ್ಟಾಗಿ ನೆನಪಿರುವುದರಲ್ಲೂ ಆಶ್ಚರ್ಯವಿಲ್ಲ. ಚಿತ್ರ ಈ ಸಣ್ಣ ದೋಷವನ್ನು ಬೆಟ್ಟದಷ್ಟು ಹಿಗ್ಗಿಸಿದೆ, ಅಷ್ಟೆ.

ನಮ್ಮ ಅಭಿಪ್ರಾಯದಲ್ಲಿ ಆ ಚಿತ್ರಕಥೆಯ ಜಾಣತನ ಇರುವುದು ವೈದ್ಯಕೀಯದಲ್ಲಲ್ಲ, ಬ್ರೀಫ್‌ಕೇಸಿನಲ್ಲಿ. ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಅದು ಹಿಂದೆ ಉಳಿಯುತ್ತದೆ, ಅದನ್ನು ತರಲು ಹೊರಟಾಗಲೇ ಟ್ಯಾಕ್ಸಿ ನದಿಗೆ ಬೀಳುತ್ತದೆ. ಗುರುತಿನ ದಾಖಲೆ ಇದ್ದ ಆ ಪೆಟ್ಟಿಗೆ ಕೈಯಲ್ಲಿದ್ದಿದ್ದರೆ ಕಥೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಪ್ರಶ್ನೆ: ನಾಯಕ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ‘ನಾನು ಯಾರು?’ ಎನ್ನುವಲ್ಲಿಂದ ನನ್ನ ಚಿತ್ರಕಥೆ ಶುರುವಾಗುತ್ತದೆ. ಕ್ಲೈಮ್ಯಾಕ್ಸ್‌ನಲ್ಲಿ ಮತ್ತೊಂದು ಪೆಟ್ಟು ಬಿದ್ದು ನೆನಪು ವಾಪಸ್ ಬರುತ್ತದೆ. ಓದಿದವರೆಲ್ಲ ಹಳಸಲು ಎಂದರು. ಹೇಗೆ ಸರಿಪಡಿಸಲಿ?

ಉತ್ತರ: ಎರಡನೆಯ ಪೆಟ್ಟನ್ನು ಮೊದಲು ಕಿತ್ತುಹಾಕಿ. ಗಾಯಗೊಂಡ ಮಿದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ ಇರುವ ನೆನಪಿಗೂ ಸಂಚಕಾರ.

ನಿಜವಾದ ನೆನಪು ಮರಳುವುದು ಸ್ವಿಚ್ ಹಾಕಿದಂತಲ್ಲ. ನೆರೆ ಇಳಿಯುವಾಗ ಮೊದಲು ಎತ್ತರದ ದಿಬ್ಬಗಳು ಕಾಣುವ ಹಾಗೆ, ಅಲ್ಲೊಂದು ಇಲ್ಲೊಂದು ತುಣುಕು ಮೇಲೆದ್ದು ನಿಧಾನವಾಗಿ ಕೂಡಿಕೊಳ್ಳುತ್ತದೆ. ಹಳೆಯದು ಮುಂಚೆ, ಹೊಸದು ಆಮೇಲೆ. ಪೆಟ್ಟು ಬಿದ್ದ ಕ್ಷಣ ಬಹುಪಾಲು ಜನರಿಗೆ ಎಂದೂ ವಾಪಸ್ ಬರುವುದಿಲ್ಲ. ಆದ್ದರಿಂದ ‘ಕೊಲೆಗಾರನ ಮುಖ ಥಟ್ಟನೆ ಹೊಳೆಯಿತು’ ಎನ್ನುವ ಕೊನೆಯ ದೃಶ್ಯವೇ ಎಲ್ಲಕ್ಕಿಂತ ದುರ್ಬಲ ದೃಶ್ಯ.

ಬದಲಿಗೆ ಕೈಗೆ ಕೆಲಸ ಕೊಡಿ. ಮೂರ್ಛೆರೋಗಕ್ಕೆಂದು 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನರಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರಲ್ಲಿ ಹೊಸ ನೆನಪು ನಿಲ್ಲಲೇ ಇಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಈ ಮೊಲೈಸನ್ ಅವರಿಗೆ ಒಂದು ಪರೀಕ್ಷೆ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯಬೇಕು. ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು. ಅದನ್ನು ಮೊದಲೇ ಮಾಡಿದ್ದೇನೆಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಹೆಸರು ಹೋದರೂ ಕೈಚಳಕ ಉಳಿಯುತ್ತದೆ, ಏಕೆಂದರೆ ಅದು ಮಿದುಳಿನ ಬೇರೆ ಮನೆಯಲ್ಲಿರುತ್ತದೆ.

ಇದನ್ನು ದೃಶ್ಯ ಮಾಡಿ. ತಾನು ಶಾಲಾ ಮೇಷ್ಟ್ರು ಎಂದು ನಂಬಿರುವವನ ಕೈಗೆ ಯಾರೋ ನೋಟಿನ ಕಂತೆ ಇಡುತ್ತಾರೆ. ಅವನು ಮಾತಾಡುತ್ತಲೇ ಕಂತೆಯ ಒಂದು ತುದಿಯನ್ನು ಬೆರಳ ಸಂದಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ಸರಸರ ಎಣಿಸಿ, ಮುಖ ತಿರುಗಿದ್ದ ಒಂದು ನೋಟನ್ನು ನೇರ ಮಾಡಿ ಇಡುತ್ತಾನೆ. ಎದುರಿಗಿದ್ದವಳು ಅದನ್ನು ನೋಡುತ್ತಾಳೆ, ಅವನು ನೋಡುವುದಿಲ್ಲ. ಒಂದೂ ಸಂಭಾಷಣೆ ಬೇಡ.

ಇನ್ನು ಬರವಣಿಗೆಯ ಲೆಕ್ಕ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ, ಅಂದರೆ 110 ನಿಮಿಷದ ಚಿತ್ರಕ್ಕೆ 110 ಪುಟದ ಚಿತ್ರಕಥೆ. ದೊಡ್ಡ ಹಾಳೆಯಲ್ಲಿ ಮೂರು ಸಾಲು ಎಳೆದು ಪ್ರತಿ ದೃಶ್ಯಕ್ಕೂ ತುಂಬಿ: ನಡೆದದ್ದೇನು, ನಾಯಕ ನಂಬಿರುವುದೇನು, ಪ್ರೇಕ್ಷಕನಿಗೆ ಗೊತ್ತಿರುವುದೇನು. ಎರಡನೆಯದೂ ಮೂರನೆಯದೂ ಹದಿನೈದು ಪುಟ ಒಂದೇ ಆಗಿದ್ದರೆ ಅಲ್ಲಿ ಒಗಟು ಇದೆ, ಸಸ್ಪೆನ್ಸ್ ಇಲ್ಲ. ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನಡಿಯ ಬಾಂಬಿನ ಉದಾಹರಣೆ ನೆನಪಿರಲಿ: ಏಕಾಏಕಿ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆ, ಮೊದಲೇ ತೋರಿಸಿದರೆ ಹದಿನೈದು ನಿಮಿಷದ ತಳಮಳ. ‘ವರ್ಟಿಗೊ’ದಲ್ಲಿ (1958) ಅವರು ಹೆಂಗಸಿನ ಗುಟ್ಟನ್ನು ಚಿತ್ರ ಮುಗಿಯುವ ಎಷ್ಟೋ ಮುಂಚೆ ನಮಗೆ ಹೇಳಿಬಿಡುತ್ತಾರೆ, ನಾಯಕನಿಗೆ ಹೇಳುವುದಿಲ್ಲ.

ಪ್ರಶ್ನೆ: ಬೆರಳಚ್ಚಿಗೆ ತೆರೆಯುವ ಫೋನ್ ಇರುವ ಕಾಲದಲ್ಲಿ ಈ ಕಥೆಗಳಿಗೆ ಅರ್ಥವಿದೆಯೇ? ಮರೆವಿನವನು ಬೆರಳು ಇಟ್ಟರಾಯಿತಲ್ಲ?

ಉತ್ತರ: ಇಟ್ಟು ನೋಡಲಿ. ಆಫ್ ಆಗಿ ಮತ್ತೆ ಆನ್ ಆದ ಫೋನ್ ಮೊದಲ ಸಲ ಬೆರಳನ್ನಾಗಲಿ ಮುಖವನ್ನಾಗಲಿ ಒಪ್ಪುವುದಿಲ್ಲ, ಪಿನ್ ಕೇಳುತ್ತದೆ. ಐಫೋನ್ ಆದರೆ 48 ಗಂಟೆ ತೆರೆಯದೆ ಇದ್ದರೂ ಪಾಸ್‌ಕೋಡ್ ಕೇಳುತ್ತದೆ. ನಾಲ್ಕು ದಿನ ಪ್ರಜ್ಞೆ ತಪ್ಪಿ ಮಲಗಿದ್ದವನ ಫೋನಿನ ಬ್ಯಾಟರಿಯೂ ಸತ್ತಿರುತ್ತದೆ, ಗಡುವೂ ಮೀರಿರುತ್ತದೆ. ಬೆರಳು ಅವನದೇ, ಫೋನೂ ಅವನದೇ, ಆರು ಅಂಕಿ ಮಾತ್ರ ತಲೆಯಲ್ಲಿಲ್ಲ. ಹೊಸ ಕಾಲ ಈ ಕಥೆಯನ್ನು ಕೊಂದಿಲ್ಲ, ಹರಿತ ಮಾಡಿದೆ.

ಖಳನಿಗೂ ದಾರಿ ಸಲೀಸು. ಅವನು ಮುಖ ಕದಿಯಬೇಕಿಲ್ಲ, ಮೊಬೈಲ್ ನಂಬರ್ ಕದ್ದರೆ ಸಾಕು. ನಕಲಿ ದಾಖಲೆ ಕೊಟ್ಟು ಅದೇ ನಂಬರಿಗೆ ಹೊಸ ಸಿಮ್ ತೆಗೆದರೆ ಹಳೆಯ ಸಿಮ್ಮಿನ ಸಿಗ್ನಲ್ ಸಾಯುತ್ತದೆ, ಒಟಿಪಿ ಎಲ್ಲ ಹೊಸಬನಿಗೆ ಹೋಗುತ್ತದೆ. ಅಲ್ಲಿಂದ ಇಮೇಲ್ ಪಾಸ್‌ವರ್ಡ್, ಇಮೇಲಿನಿಂದ ಉಳಿದದ್ದು. ‘ನೆಟ್‌ವರ್ಕ್ ಇಲ್ಲ’ ಎಂಬ ಎರಡು ಪದ ಪರದೆಯ ಮೂಲೆಯಲ್ಲಿ ಮೂಡುವುದೇ ನಿಮ್ಮ ಚಿತ್ರದ ಮೊದಲ ಅಪಾಯದ ಗಂಟೆ ಆಗಬಹುದು.

ಪ್ರಶ್ನೆ: ಫ್ಲ್ಯಾಶ್‌ಬ್ಯಾಕಿನಲ್ಲಿ ಸುಳ್ಳು ತೋರಿಸಬಹುದೇ? ಪ್ರೇಕ್ಷಕರಿಗೆ ಮೋಸ ಎನ್ನಿಸುವುದಿಲ್ಲವೇ?

ಉತ್ತರ: ‘ಸ್ಟೇಜ್ ಫ್ರೈಟ್’ (1950) ಚಿತ್ರದ ಶುರುವಿನಲ್ಲೇ ಸುಳ್ಳು ಫ್ಲ್ಯಾಶ್‌ಬ್ಯಾಕ್ ಇಟ್ಟು ಹಿಚ್‌ಕಾಕ್ ಬೈಸಿಕೊಂಡರು. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ತಾವೇ ಒಪ್ಪಿಕೊಂಡರು. ಅಲ್ಲಿ ಪಾತ್ರ ಬೇಕೆಂದೇ ಸುಳ್ಳು ಹೇಳುತ್ತದೆ, ಕ್ಯಾಮೆರಾ ಅದಕ್ಕೆ ಸಾಕ್ಷಿ ನಿಲ್ಲುತ್ತದೆ. ಕಿವಿಗೆ ಹೂವಿಟ್ಟಂತೆ ಅನ್ನಿಸುವುದು ಅದಕ್ಕೇ. ಪಾತ್ರ ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟುಕೊಂಡಿದ್ದರೆ ಪ್ರೇಕ್ಷಕ ಕ್ಷಮಿಸುತ್ತಾನೆ, ಆದರೆ ತಪ್ಪು ಹೇಗೆ ಹೊಕ್ಕಿತೆಂಬುದು ಅವನ ಕಣ್ಣೆದುರೇ ಆಗಿರಬೇಕು.

ಹೇಗೆ ಹೊಗುತ್ತದೆ ಎಂಬುದಕ್ಕೆ 1974ರ ಒಂದು ಪ್ರಯೋಗ ನೋಡಿ. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ತುಣುಕು ತೋರಿಸಿದರು. ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು’ ಎಂಬ ಧಾಟಿಯಲ್ಲಿ 50 ಜನರನ್ನು ಕೇಳಿದರು. ಇನ್ನು 50 ಜನರಿಗೆ ‘ನುಜ್ಜುಗುಜ್ಜಾದಾಗ’ ಎಂಬರ್ಥದ ಪದ ಬಳಸಿದರು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ತುಣುಕಿನಲ್ಲಿ ಗಾಜು ಇರಲೇ ಇಲ್ಲ. ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಕಂಡೆವೆಂದರು. ಒಂದು ಕ್ರಿಯಾಪದದ ಕರಾಮತ್ತು.

ಸಂಕಲನದಲ್ಲಿ ಇದನ್ನು ಬಳಸುವುದು ಹೀಗೆ. ಮೊದಲ ಫ್ಲ್ಯಾಶ್‌ಬ್ಯಾಕಿನಲ್ಲಿ ನೆಲ ಖಾಲಿ. ವಿಚಾರಣೆಯಲ್ಲಿ ಅಧಿಕಾರಿ ‘ಗಾಜು ಒಡೆದದ್ದು ಯಾವಾಗ?’ ಎನ್ನುತ್ತಾನೆ. ಮುಂದಿನ ಫ್ಲ್ಯಾಶ್‌ಬ್ಯಾಕಿನಲ್ಲಿ ನೆಲದ ಮೇಲೆ ಗಾಜು. ಎರಡನ್ನೂ ಒಂದೇ ದಿನ, ಒಂದೇ ಲೆನ್ಸಿನಲ್ಲಿ, ನಟರ ಕಾಲ ಬಳಿಯ ಟೇಪ್ ಗುರುತು ಅಲುಗಿಸದೆ ತೆಗೆಯಿರಿ. ಬದಲಾಗಬೇಕಾದ್ದು ಒಂದೇ ವಸ್ತು. ಹಲವರು ಎಡವುವುದು ಇಲ್ಲೇ: ಎರಡನೆಯ ಆವೃತ್ತಿಗೆ ಬಣ್ಣವನ್ನೂ ಬದಲಿಸುತ್ತಾರೆ, ಅಂಚನ್ನು ಮಸುಕು ಮಾಡುತ್ತಾರೆ, ‘ಧುಂ’ ಎಂಬ ಸದ್ದು ಬೇರೆ. ಆಗ ಪ್ರೇಕ್ಷಕ ಗಾಜನ್ನು ನೋಡುವುದಿಲ್ಲ, ನಿಮ್ಮನ್ನು ನೋಡುತ್ತಾನೆ.

ಪ್ರಶ್ನೆ: ಕಿರುಚಿತ್ರದಲ್ಲಿ ಅಸಲಿ, ನಕಲಿ ಎರಡನ್ನೂ ಒಬ್ಬನೇ ನಟ ಮಾಡುತ್ತಿದ್ದಾನೆ. ಇರುವುದು ಸಾಧಾರಣ ಕ್ಯಾಮೆರಾ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸುವುದು ಹೇಗೆ?

ಉತ್ತರ: ಚೌಕಟ್ಟನ್ನು ಸೀಳಿ ಎರಡು ಸಲ ತೆಗೆದು, ಸಂಕಲನದಲ್ಲಿ ಎರಡು ಅರ್ಧಗಳನ್ನು ಜೋಡಿಸುವುದೇ ಇಂದಿಗೂ ಭದ್ರ ದಾರಿ.

ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ, ಮಧ್ಯದ ಕೊಕ್ಕೆಗೆ ಭಾರದ ಚೀಲ ನೇತುಹಾಕಿ. ಫೋಕಸ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎಲ್ಲ ಮ್ಯಾನ್ಯುಯಲ್. ಆಟೋದಲ್ಲಿ ಬಿಟ್ಟರೆ ನಟ ಜಾಗ ಬದಲಿಸಿದ ಕೂಡಲೇ ಗೋಡೆಯ ಬಣ್ಣ ಬದಲಾಗಿ ಹೊಲಿಗೆ ಎದ್ದು ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಸೆಕೆಂಡ್. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ದೀಪದ ಮಿಣುಕಾಟವೂ ಇದರಿಂದ ತಪ್ಪುತ್ತದೆ. ಸೀಳುವ ಗೆರೆ ಬಾಗಿಲ ಚೌಕಟ್ಟು, ಕಂಬ, ಕಪಾಟಿನ ಅಂಚಿನಂಥ ನಿಂತ ವಸ್ತುವಿನ ಮೇಲೆ ಬೀಳಲಿ. ಆ ಗೆರೆಯ ಮೇಲೆ ಪರದೆ, ಗಿಡ, ಫ್ಯಾನಿನ ನೆರಳು ಇರಬಾರದು.

ಎಡಗಡೆ ಅಸಲಿಯನ್ನು ತೆಗೆಯುವಾಗ ಬಲಗಡೆ ಅಷ್ಟೇ ಎತ್ತರದ ಬೇರೊಬ್ಬರನ್ನು ಕೂರಿಸಿ, ಅವರೇ ಎದುರು ಮಾತು ಹೇಳಲಿ. ಕೂಡಲೇ ವೇಷ ಬದಲಿಸಿ ಬಲಗಡೆ ತೆಗೆಯಿರಿ, ಮೊದಲ ಸುತ್ತಿನ ಧ್ವನಿಯನ್ನು ಇಯರ್‌ಫೋನಿನಲ್ಲಿ ಕೇಳಿಸಿ. ಕಿಟಕಿಯ ಬೆಳಕು ನಂಬಿದ್ದರೆ ಎರಡು ಸುತ್ತಿನ ನಡುವೆ ಹತ್ತು ನಿಮಿಷ ದಾಟಿಸಬೇಡಿ, ನೆರಳು ಸರಿದಿರುತ್ತದೆ. ಕೊನೆಗೆ ಇಬ್ಬರೂ ಇಲ್ಲದ ಖಾಲಿ ಚೌಕಟ್ಟನ್ನು ಅರ್ಧ ನಿಮಿಷ ತೆಗೆದಿಟ್ಟುಕೊಳ್ಳಿ. ಗೆರೆ ದಾಟಿದ ಮೊಣಕೈಯನ್ನು ಮುಚ್ಚಲು ಅದೇ ಗತಿ.

ಕೆಡುವುದು ಹೆಚ್ಚಾಗಿ ತಂತ್ರದಲ್ಲಲ್ಲ, ನೋಟದಲ್ಲಿ. ಇಬ್ಬರ ಕಣ್ಣಿನ ಎತ್ತರ ಎರಡು ಬೆರಳಷ್ಟು ತಪ್ಪಿದರೂ ಇಬ್ಬರೂ ಗಾಳಿಯೊಡನೆ ಮಾತಾಡುವಂತೆ ಕಾಣುತ್ತದೆ. ಇಂಥ ಶಾಟ್ ಇಡೀ ದೃಶ್ಯದಲ್ಲಿ ಒಂದು ಸಾಕು. ಉಳಿದದ್ದು ಭುಜದ ಹಿಂದಿನಿಂದ ತೆಗೆದರೆ ಆಯಿತು.

ಪ್ರಶ್ನೆ: ನಿಜಜೀವನದಲ್ಲಿ ಇಂಥದ್ದು ಕೋರ್ಟಿನವರೆಗೆ ಹೋದದ್ದುಂಟೇ?

ಉತ್ತರ: ಭಾವಲ್ ಪ್ರಕರಣ ಓದಿ. ಮರೆವೂ ಗುರುತೂ ಒಂದೇ ಗಂಟಿನಲ್ಲಿವೆ. ಢಾಕಾ ಬಳಿಯ ಭಾವಲ್ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರ ನಾರಾಯಣ ರಾಯ್ 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರೆಂದು ಸುದ್ದಿಯಾಯಿತು. ಢಾಕಾದಲ್ಲಿ ಕಾಣಿಸಿಕೊಂಡಿದ್ದ, ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬ 1921ರಲ್ಲಿ ತಾನೇ ಆ ಕುಮಾರ ಎಂದ. ಮಳೆ ಬಂದು ಚಿತೆಯ ಬಳಿಯಿದ್ದವರು ಓಡಿದರು, ಸಾಧುಗಳು ತನ್ನನ್ನು ಎತ್ತಿಕೊಂಡು ಹೋದರು, ನೆನಪು ಹೋಗಿತ್ತು, ವರ್ಷಗಳ ಮೇಲೆ ಮರಳಿತು — ಇದು ಅವನ ವಾದ. ಅಕ್ಕ ನಂಬಿದರು, ಹೆಂಡತಿ ಬಿಭಾವತಿ ಕೊನೆಯವರೆಗೂ ಒಪ್ಪಲಿಲ್ಲ. 1930ರಲ್ಲಿ ದಾವೆ, ಸಾವಿರಕ್ಕೂ ಮಿಕ್ಕಿ ಸಾಕ್ಷಿಗಳು. ನ್ಯಾಯಾಧೀಶ ಪನ್ನಾಲಾಲ್ ಬಸು 1936ರಲ್ಲಿ, ಕಲ್ಕತ್ತಾ ಹೈಕೋರ್ಟ್ 1940ರಲ್ಲಿ, ಲಂಡನ್ನಿನ ಅಂತಿಮ ಮೇಲ್ಮನವಿ ಪೀಠವಾದ ಪ್ರೀವಿ ಕೌನ್ಸಿಲ್ 1946ರಲ್ಲಿ, ಮೂರೂ ಕಡೆ ಅವನೇ ಗೆದ್ದ. ಕೊನೆಯ ತೀರ್ಪು ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ.

ಚಿತ್ರಕಥೆ ಬರೆಯುವವರಿಗೆ ಇನ್ನೊಂದು: 16ನೆಯ ಶತಮಾನದ ಫ್ರಾನ್ಸಿನಲ್ಲಿ ಮಾರ್ಟಿನ್ ಗೇರ್ ಎಂಬವನ ಹೆಸರಿನಲ್ಲಿ ಬೇರೊಬ್ಬ ಅವನ ಹೆಂಡತಿಯ ಜೊತೆ ಮೂರು ವರ್ಷ ಸಂಸಾರ ಮಾಡಿದ. ವಿಚಾರಣೆಯಲ್ಲಿ ಊರಿನ ಚಪ್ಪಲಿ ಹೊಲಿಯುವವನು ಸಾಕ್ಷಿ ಹೇಳಿದ: ಮಾರ್ಟಿನ್ನನ ಕಾಲಿನ ಅಳತೆ ಹನ್ನೆರಡು, ಇವನದು ಒಂಬತ್ತು. ಆದರೂ ನ್ಯಾಯಾಧೀಶರು ಗೊಂದಲದಲ್ಲಿದ್ದಾಗ, ಮರದ ಕಾಲಿನ ಅಸಲಿ ಮಾರ್ಟಿನ್ ಒಳಗೆ ಬಂದ.

ಪ್ರಶ್ನೆ: ‘ಇವರು ನನ್ನ ಗಂಡ ಅಲ್ಲ, ಅವರಂತೆಯೇ ಇರುವ ಬೇರೆ ಯಾರೋ’ ಎನ್ನುವ ಕಾಯಿಲೆ ನಿಜವಾಗಿಯೂ ಇದೆಯೇ?

ಉತ್ತರ: ಇದೆ, ಅಪರೂಪ. 1923ರಲ್ಲಿ ವಿವರಿಸಿದ ವೈದ್ಯರ ಹೆಸರಿನಿಂದ ಅದನ್ನು ಕಾಪ್‌ಗ್ರಾ ಎನ್ನುತ್ತಾರೆ. ಮುಖ ಗುರುತು ಸಿಗುತ್ತದೆ, ಆ ಮುಖ ಕಂಡಾಗ ಏಳಬೇಕಾದ ಆಪ್ತತೆ ಏಳುವುದಿಲ್ಲ. ಆ ಖಾಲಿತನಕ್ಕೆ ಮನಸ್ಸು ‘ನಕಲಿ’ ಎಂಬ ಕಾರಣ ಕಟ್ಟುತ್ತದೆ. ಕೆಲವು ರೋಗಿಗಳಿಗೆ ಅದೇ ವ್ಯಕ್ತಿಯ ದನಿ ಫೋನಿನಲ್ಲಿ ಕೇಳಿದರೆ ಯಾವ ಅನುಮಾನವೂ ಬರುವುದಿಲ್ಲ. ಇದನ್ನು ದೃಶ್ಯವಾಗಿ ಊಹಿಸಿ: ಪಕ್ಕದ ಕೋಣೆಗೆ ಹೋಗಿ ಗಂಡ ಫೋನ್ ಮಾಡುತ್ತಾನೆ, ಅವಳು ಪ್ರೀತಿಯಿಂದ ಮಾತಾಡುತ್ತಾಳೆ, ದನಿ ತಗ್ಗಿಸಿ ‘ಬೇಗ ಬನ್ನಿ, ಮನೆಯಲ್ಲಿ ಯಾರೋ ಇದ್ದಾರೆ’ ಎನ್ನುತ್ತಾಳೆ.